ಇಬ್ಬರು ವೀರರು, ಎರಡು ಮಾತು

(ತದಡಿಯಲ್ಲಿ ಯುವ ಓದುಗರ ಎದುರು ಮಾಡಿದ ಭಾಷಣದ ಬರಹರೂಪ)



ಒಬ್ಬರ ನಂಬಿಕೆಗೆ ಇನ್ನೊಬ್ಬರ ನಂಬಿಕೆ ಎದುರಾಗಿರುವ ಜೋಡಿ ವೀರರ ಕಥೆಯನ್ನು ಇಂದಿನ ಓದುಗರಿಗೆ ಹಿಡಿಸುವಂತೆ ಬರೆಯುವುದು ಹೇಗೆ? ಇದು ನನಗೆ ಕೊಟ್ಟ ವಿಷಯ. ಈ ಪ್ರಶ್ನೆಗೆ ಅಮೆರಿಕದ ಚಿತ್ರಕಥೆಗಳಲ್ಲಿ ಒಂದು ಉತ್ತರವಿದೆ. ಹೊನ್ನಾವರ, ಕುಮಟೆಯ ಆಟದ ಬಯಲಿನಲ್ಲಿ ಇನ್ನೊಂದಿದೆ. ಎರಡನೆಯದೇ ಹೆಚ್ಚು ಗಟ್ಟಿ ಎಂದು ನನ್ನ ಅಭಿಪ್ರಾಯ. ಆದರೆ ಮೊದಲನೆಯದನ್ನು ನೋಡದೆ ಹಾಗೆಂದರೆ ಅದು ಬರೀ ಊರ ಅಭಿಮಾನವಾದೀತು.

1968ರಲ್ಲಿ, ವಿಯೆಟ್ನಾಂ ಯುದ್ಧದ ಬಿಸಿಯಲ್ಲಿ ಅಮೆರಿಕದ ಮನೆಮನೆಯೂ ಎರಡಾಗಿದ್ದಾಗ, ಡಿಸಿ ಸಂಸ್ಥೆ 'ಹಾಕ್ ಅಂಡ್ ಡವ್' ಎಂಬ ಜೋಡಿಯನ್ನು ತಂದಿತು. ಗಿಡುಗ ಮತ್ತು ಪಾರಿವಾಳ ಎನ್ನೋಣ. ಸೃಷ್ಟಿಸಿದವರು ಸ್ಟೀವ್ ಡಿಟ್ಕೊ ಮತ್ತು ಸ್ಟೀವ್ ಸ್ಕೀಟ್ಸ್. ಸ್ಪೈಡರ್‌ಮ್ಯಾನ್‌ಗೆ ರೂಪ ಕೊಟ್ಟ ಕೈಯೇ ಡಿಟ್ಕೊ ಅವರದು. ನ್ಯಾಯಾಧೀಶರೊಬ್ಬರ ಇಬ್ಬರು ಮಕ್ಕಳು, ಹ್ಯಾಂಕ್ ಮತ್ತು ಡಾನ್. ಒಬ್ಬನಿಗೆ ಎಲ್ಲದಕ್ಕೂ ಮುಷ್ಟಿಯೇ ಉತ್ತರ. ಇನ್ನೊಬ್ಬನಿಗೆ ಹಿಂಸೆಯೆಂದರೆ ಆಗದು. ಅಪ್ಪನ ಪ್ರಾಣಕ್ಕೆ ಕುತ್ತು ಬಂದಾಗ ಅಶರೀರವಾಣಿಯೊಂದು ಇಬ್ಬರಿಗೂ ಶಕ್ತಿ ಕೊಡುತ್ತದೆ.

ಆಲೋಚನೆ ಚೆನ್ನಾಗಿತ್ತು, ಕಥೆ ನಿಲ್ಲಲಿಲ್ಲ. ಅವರದೇ ಹೆಸರಿನ ಪತ್ರಿಕೆ ಆರು ಸಂಚಿಕೆಗಳಿಗೆ ಮುಗಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಹೊಡೆದಾಟವನ್ನೇ ನಂಬಿದ ಮಾಧ್ಯಮದಲ್ಲಿ ಹೊಡೆಯಲೊಲ್ಲದವನಿಗೆ ಏನು ಕೆಲಸ? ಅವನು ಮೂಲೆಯಲ್ಲಿ ನಿಂತು ಉಪದೇಶ ಮಾಡಬೇಕು, ಇಲ್ಲವೇ ಕೊನೆಗೆ ತಾನೂ ಕೈಯೆತ್ತಬೇಕು. ಮೊದಲನೆಯದಾದರೆ ಓದುಗನಿಗೆ ಬೇಸರ, ಎರಡನೆಯದಾದರೆ ತತ್ತ್ವ ಹೋಯಿತು. ಅಣ್ಣನೂ ಅಷ್ಟೆ, ಸಿಡುಕಿನ ಗೊಂಬೆ. ಇಬ್ಬರೂ ಮನುಷ್ಯರಾಗುವ ಮೊದಲೇ ಘೋಷಣೆಗಳಾಗಿದ್ದರು.

1985-86ರ ದೊಡ್ಡ ಕಥಾಸರಣಿಯೊಂದರಲ್ಲಿ ಮಗುವೊಂದನ್ನು ಉಳಿಸಲು ಹೋಗಿ ಪಾರಿವಾಳ ಸತ್ತಿತು. 1988ರಲ್ಲಿ ಕಾರ್ಲ್ ಮತ್ತು ಬಾರ್ಬರಾ ಕೆಸೆಲ್ ಅದೇ ಸ್ಥಾನಕ್ಕೆ ಡಾನ್ ಗ್ರೇಂಜರ್ ಎಂಬ ಯುವತಿಯನ್ನು ತಂದರು. ಅವಳು ಉಪದೇಶಿಸುವುದಿಲ್ಲ, ನೋಡುತ್ತಾಳೆ, ಅಳೆಯುತ್ತಾಳೆ, ಎಷ್ಟು ಬೇಕೋ ಅಷ್ಟೇ ಬಲ ಬಳಸುತ್ತಾಳೆ. ಜೋಡಿಗೆ ಜೀವ ಬಂತು. ಆದರೆ 'ಹೊಡೆಯಬೇಕೇ, ಬೇಡವೇ' ಎಂಬ ಮೂಲ ಪ್ರಶ್ನೆ ಮೆಲ್ಲಗೆ ಜಾರಿಹೋಗಿ 'ಹೇಗೆ ಹೊಡೆಯಬೇಕು' ಎಂಬುದಷ್ಟೇ ಉಳಿಯಿತು. ಕಥೆ ಗೆದ್ದಿತು, ವಾದ ಸೋತಿತು ಎನ್ನಬಹುದೇನೋ.

ಈಗ ನಮ್ಮ ಕಡೆಗೆ ಬರೋಣ. ಕೃಷ್ಣಾರ್ಜುನ ಕಾಳಗ ನೋಡದವರು ಈ ಸಭೆಯಲ್ಲಿ ಕಡಿಮೆ ಇರಬಹುದು. ಗಯನೆಂಬ ಗಂಧರ್ವ ವಿಮಾನದಲ್ಲಿ ಹೋಗುತ್ತ ಕವಳ ಉಗುಳಿದ. (ಬಸ್ಸಿನ ಕಿಟಕಿಯಲ್ಲಿ ಅವನ ವಂಶಸ್ಥರು ಇಂದಿಗೂ ಸಿಗುತ್ತಾರೆ.) ಅದು ಕೆಳಗೆ ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬಿತ್ತು. ಗಯನನ್ನು ಕೊಲ್ಲುವೆನೆಂದು ಕೃಷ್ಣನ ಪ್ರತಿಜ್ಞೆ. ಎಲ್ಲೂ ಆಶ್ರಯ ಸಿಗದ ಗಯ ಅರ್ಜುನನ ಕಾಲು ಹಿಡಿದ. ಶತ್ರು ಯಾರೆಂದು ಕೇಳುವ ಮೊದಲೇ ಅರ್ಜುನ ಅಭಯ ಕೊಟ್ಟುಬಿಟ್ಟ. ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ಅಲ್ಲಿ ಒಂದೇ ರಥದಲ್ಲಿ ಕುಳಿತ ಇಬ್ಬರನ್ನು ಯಾರೋ ಜಾಣರು ಎದುರುಬದುರು ನಿಲ್ಲಿಸಿ ನೋಡಿದರು.

ಇಲ್ಲಿನ ಜಾಣ್ಮೆ ಗಮನಿಸಿ. ಇಬ್ಬರೂ ಕ್ಷತ್ರಿಯರು, ಇಬ್ಬರೂ ಸಮಬಲರು, ಆದ್ದರಿಂದ ರಂಗದಲ್ಲಿ ಯಾರೂ ಸುಮ್ಮನೆ ನಿಲ್ಲಬೇಕಾಗಿಲ್ಲ. ಕೃಷ್ಣನಿಗೆ ಆಡಿದ ಮಾತು ದೊಡ್ಡದು. ತಪ್ಪಿಗೆ ಶಿಕ್ಷೆ ಇಲ್ಲದಿದ್ದರೆ ಲೋಕ ನಡೆಯದು ಎಂಬುದು ಅವನ ವಾದ. ಅರ್ಜುನನಿಗೆ ಮೊರೆಹೊಕ್ಕವನು ದೊಡ್ಡವನು. ಶತ್ರು ಪ್ರಬಲನೆಂದು ಬಿಟ್ಟುಕೊಟ್ಟರೆ ಆ ಅಭಯಕ್ಕೆ ಬೆಲೆಯೇನು? ಎರಡೂ ಸರಿ. ಗಯ ಬಹು ದೊಡ್ಡ ಪುಣ್ಯವಂತನಾಗಿದ್ದರೆ ಅರ್ಜುನನ ಕಡೆ ತೂಗುತ್ತಿತ್ತು, ಕ್ರೂರಿಯಾಗಿದ್ದರೆ ಕೃಷ್ಣನ ಕಡೆ. ಅಜಾಗರೂಕನಾದ ಒಬ್ಬ ಸಾಮಾನ್ಯನಾದ್ದರಿಂದಲೇ ತಕ್ಕಡಿ ನಡುವೆ ನಿಂತಿದೆ. ಇವರಿಬ್ಬರ ನಡುವೆ ಸುಭದ್ರೆ. ಒಬ್ಬನ ತಂಗಿ, ಇನ್ನೊಬ್ಬನ ಹೆಂಡತಿ. ಅವಳು ನಡುವೆ ಬಂದಾಗ ಜಗಳ ತತ್ತ್ವದಿಂದ ಮನೆಯೊಳಕ್ಕೆ ಇಳಿಯುತ್ತದೆ. ಅಮೆರಿಕದ ಅಣ್ಣತಮ್ಮಂದಿರ ನಡುವೆ ಇಂಥದೊಂದು ಜೀವ ಇದ್ದಿದ್ದರೆ ಅವರ ಕಥೆ ಆರಕ್ಕೇ ನಿಲ್ಲುತ್ತಿರಲಿಲ್ಲವೇನೋ.

ಇನ್ನೊಂದು ಸೌಕರ್ಯವೂ ನಮ್ಮಲ್ಲಿದೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ಪದ್ಯ ಮಾತ್ರ, ಮಾತು ಕಲಾವಿದನದು. ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಿಂದ ಹಿಡಿದು ಇಂದಿನ ತಂಡಗಳವರೆಗೆ ಅದೇ ಪದ್ಯಕ್ಕೆ ಬೇರೆ ಬೇರೆ ಅರ್ಥ ಹುಟ್ಟಿದೆ. ವೇಷವೂ ಇಲ್ಲದ ತಾಳಮದ್ದಳೆಯಲ್ಲಂತೂ ವಾದವೇ ಯುದ್ಧ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನು ಜನ ನೆನೆಯುವುದು ಯಾಕೆ? ಬಾಣ ತಾಗಿ ಬಿದ್ದವನಿಗೂ ರಾಮನನ್ನು ಪ್ರಶ್ನಿಸುವ ಪೂರ್ಣ ಹಕ್ಕು ಅಲ್ಲಿದೆ. ಬೆಳಗಾಗುವುದರೊಳಗೆ ಕೇಳುಗ ಎರಡು ಬಾರಿ ಪಕ್ಷ ಬದಲಿಸಿರುತ್ತಾನೆ. ಕಥೆಯ ಕೊನೆ ಗೊತ್ತಿದ್ದೂ ಹೀಗಾಗುತ್ತದೆ ಎಂಬುದೇ ವಿಶೇಷ.

ಹಾಗೆಂದು ಪ್ರಸಂಗವನ್ನು ಇದ್ದಂತೆಯೇ ಚಿತ್ರಕ್ಕಿಳಿಸಿದರೆ ಆಗಲಿಲ್ಲ. ಕೃಷ್ಣಾರ್ಜುನರ ಕಾಳಗ ಲೋಕನಾಶದವರೆಗೆ ಹೋದಾಗ ಶಿವ ಬಂದು ಬಿಡಿಸುತ್ತಾನೆ. ಭಕ್ತನಿಗೆ ಅದು ತೃಪ್ತಿ. ಇಂದಿನ ಓದುಗ ಮಾತ್ರ, ಇಬ್ಬರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲವಲ್ಲ ಎನ್ನುತ್ತಾನೆ. ಅವನ ತಕರಾರು ನ್ಯಾಯವಾದದ್ದು.

ಈ ಮಾತನ್ನು ತದಡಿಯಲ್ಲಿ ಆಡಲು ಕಾರಣವಿದೆ. ಇಲ್ಲಿ ಬಂದರಿದೆ, ಅಘನಾಶಿನಿಯ ಅಳಿವೆಯೂ ಇದೆ. 4000 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇಲ್ಲಿಗೆ ಬರುವ ಮಾತು ಎದ್ದಾಗ ಜನ ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿ ಸೇರಿತು. ದೊಡ್ಡ ಬಂದರಿನ ಯೋಜನೆಯ ಚರ್ಚೆ ಎಷ್ಟೋ ವರ್ಷಗಳದು. ನಿಮ್ಮಲ್ಲಿ ಯಾರಾದರೂ ಇಬ್ಬರು ವೀರರ ಕಥೆ ಬರೆಯುವುದಾದರೆ ಗೋಥಂ ನಗರ ಹುಡುಕಬೇಕಾಗಿಲ್ಲ. ಅಕ್ಕ ಅಳಿವೆಯಲ್ಲಿ ಚಿಪ್ಪಿ ಆರಿಸಿ ಮನೆ ನಡೆಸಿದವಳು. ತಮ್ಮ ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಮುಂಬಯಿ ಬಸ್ಸಿನ ದಾರಿ ನೋಡುತ್ತಿರುವವನು. ಅವಳಿಗೆ ನೀರಿನ ಶಕ್ತಿ, ಅವನಿಗೆ ಕಬ್ಬಿಣದ ಶಕ್ತಿ ಕೊಡಿ, ಅಡ್ಡಿಯಿಲ್ಲ. ಆದರೆ ತಮ್ಮನನ್ನು ಕಂಪನಿಯ ಏಜೆಂಟನನ್ನಾಗಿ, ಅಕ್ಕನನ್ನು ಕಣ್ಣೀರಿನ ದೇವತೆಯನ್ನಾಗಿ ಮಾಡಿದ ಗಳಿಗೆಯಲ್ಲೇ ಕಥೆ ಸತ್ತಂತೆ. ಅವನ ಮಾತು ಓದಿದಾಗ ಗಜನಿಯಲ್ಲಿ ಕಗ್ಗ ಬೆಳೆಯುವ ರೈತನಿಗೂ 'ಹುಡುಗ ಹೇಳುವುದರಲ್ಲಿ ಏನೋ ಇದೆ' ಅನ್ನಿಸಬೇಕು. ಇಲ್ಲಿ ಶಿವ ಬರುವುದಿಲ್ಲ. ಯಾರು ಗೆದ್ದರೂ ಇನ್ನೊಬ್ಬರ ಊಟಕ್ಕೆ ಕಲ್ಲು ಬೀಳುತ್ತದೆ, ಅದನ್ನು ಚಿತ್ರದಲ್ಲಿ ತೋರಿಸಲೇಬೇಕು.

ಕೊನೆಗೊಂದು ಕಸುಬಿನ ಮಾತು. ಚಿತ್ರಕಥೆಯ ಮಾತಿನ ಗುಳ್ಳೆಯಲ್ಲಿ ಹಿಡಿಯುವುದು ಹತ್ತು ಹದಿನೈದು ಪದ. ಅರ್ಧ ಗಂಟೆಯ ಪೀಠಿಕೆಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ಕೂಟದ ಚುಟುಕು ಸಂಭಾಷಣೆಯೇ ಮಾದರಿ. ಒಬ್ಬರ ಮಾತಿನ ಕೊನೆಯ ಪದವನ್ನೇ ಹಿಡಿದು ಇನ್ನೊಬ್ಬರು ತಿರುಗಿಸುತ್ತಾರೆ. ಆಗ ಚಿತ್ರಕಾರ ಮಾತಾಡುವವನ ಮುಖಕ್ಕಿಂತ ಕೇಳಿಸಿಕೊಳ್ಳುವವನ ಮುಖವನ್ನು ದೊಡ್ಡದಾಗಿ ಬರೆಯಲಿ. ಗುಂಡು ಎಲ್ಲಿ ತಾಗಿತು ಎಂಬುದು ಅಲ್ಲಿ ಕಾಣುತ್ತದೆ.