ಮನೆ ಕೊಳ್ಳುವ ಮುನ್ನ ನೀರಿನ ದಾರಿ ಕೇಳಿ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನಲ್ಲಿ ನಿವೇಶನ ತೋರಿಸುವ ಕಾಲ ಬೇಸಿಗೆ. ಸಂಕ್ರಾಂತಿ ಕಳೆದ ಮೇಲೆ ದಲ್ಲಾಳಿಗಳ ವಾಹನಗಳು ಘಟ್ಟದ ರಸ್ತೆಗಳಲ್ಲಿ ಹೆಚ್ಚಾಗುತ್ತವೆ. ಆಗ ಹಳ್ಳ ಒಣಗಿರುತ್ತದೆ, ಧರೆ ಗಟ್ಟಿಯಾಗಿರುತ್ತದೆ, ಕಣಿವೆಯ ನೋಟ ನಿಚ್ಚಳವಾಗಿರುತ್ತದೆ. ಆದರೆ ಈ ನಾಡಿನ ಗುಡ್ಡಗಳು ಜರಿಯುವುದು ಬೇಸಿಗೆಯಲ್ಲಲ್ಲ. ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ರಂದು, ಪುನರ್ವಸು ಮಳೆಯಲ್ಲಿ. ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದದ್ದು ಅದೇ ತಿಂಗಳ 30ರ ನಸುಕಿನಲ್ಲಿ, ಪುಷ್ಯ ಮಳೆಯಲ್ಲಿ. ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಯ ಸುತ್ತ ಬೆಟ್ಟಗಳು ಕಳಚಿಬಿದ್ದದ್ದು 2018ರ ಆಗಸ್ಟ್ ಮಧ್ಯದಲ್ಲಿ, ಆಶ್ಲೇಷ ಮುಗಿದು ಮಘೆ ಹುಟ್ಟುವ ಸಂಧಿಯಲ್ಲಿ. ನೆಲವನ್ನು ಕೊಳ್ಳುವವರು ನೋಡುವ ಕಾಲ ಒಂದು, ನೆಲ ತನ್ನ ಸ್ವಭಾವವನ್ನು ತೋರುವ ಕಾಲ ಇನ್ನೊಂದು.

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ರದ್ದುಪಡಿಸಿದ ಮೇಲೆ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ಮುಖ್ಯ ಅಡ್ಡಿ ನಿವಾರಣೆಯಾಯಿತು. ಹಾಗೆಂದು ಈ ಮಾತು ಪೇಟೆಯಿಂದ ಬರುವವರಿಗೆ ಮಾತ್ರ ಹೇಳಬೇಕಾದುದಲ್ಲ. ಹಿಸ್ಸೆಯಾದ ಮೇಲೆ ಪಾಲಿಗೆ ಬಂದ ಬೇಣದಲ್ಲಿ ಹೊಸ ಮನೆ ಕಟ್ಟುವ ಊರಿನ ಮಗನೂ, ನಿವೃತ್ತಿಯ ಹಣವನ್ನೆಲ್ಲ ಹಾಕಿ ಹುಟ್ಟೂರಿಗೆ ಮರಳುವ ನೌಕರನೂ ಅದೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ.

ಕೊಳ್ಳುವವರು ಕಾಗದಪತ್ರಗಳನ್ನು ಚೆನ್ನಾಗಿಯೇ ಪರಿಶೀಲಿಸುತ್ತಾರೆ. ಪಹಣಿ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರ, ಭೂಪರಿವರ್ತನೆಯ ಆದೇಶ ಎಲ್ಲವನ್ನೂ ವಕೀಲರಿಂದ ಓದಿಸುತ್ತಾರೆ. ಅದು ಅಗತ್ಯ. ಆದರೆ ಆ ಕಾಗದಗಳು ನೆಲ ಯಾರದೆಂದು ಹೇಳುತ್ತವೆ, ನೀರು ಎಲ್ಲಿ ಹರಿಯುತ್ತದೆಂದು ಹೇಳುವುದಿಲ್ಲ. ಭೂಪರಿವರ್ತನೆಯ ಆದೇಶವು ಕೃಷಿಯೇತರ ಬಳಕೆಗೆ ಅನುಮತಿ, ಇಳಿಜಾರು ಸ್ಥಿರವಾಗಿದೆ ಎಂಬ ಭರವಸೆಯಲ್ಲ.

ದಾಖಲೆಗಳಲ್ಲಿ ನೀರಿನ ಸುಳಿವು ನೀಡುವವು ಎರಡಿವೆ. ಒಂದು ಪಹಣಿಯ ಖರಾಬು ಕಾಲಂ. ‘ಬಿ’ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಹಳ್ಳವೂ ಆಗಿರಬಹುದು. ಇನ್ನೊಂದು ಗ್ರಾಮ ನಕಾಶೆ. ಅದರಲ್ಲಿ ಗುರುತಿಸಿದ ಹಳ್ಳ ಇಂದು ನೆಲದ ಮೇಲೆ ಕಾಣದಿದ್ದರೆ, ಅದನ್ನು ಯಾರೋ ಮುಚ್ಚಿದ್ದಾರೆಂದು ಶಂಕಿಸಬೇಕು. ಮುಚ್ಚಿದ ಹಳ್ಳ ದೊಡ್ಡ ಮಳೆಯಲ್ಲಿ ತನ್ನ ದಾರಿಯನ್ನು ತಾನೇ ತೆರೆದುಕೊಳ್ಳುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ಸಿದ್ಧಪಡಿಸಿದೆ. ಅವುಗಳನ್ನು ನೋಡಲೇಬೇಕು, ಆದರೆ ಅವುಗಳ ಮಿತಿಯನ್ನೂ ಅರಿತಿರಬೇಕು. ಆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಐದು ಗುಂಟೆಯ ನಿವೇಶನವೆಂದರೆ ಸುಮಾರು 500 ಚದರ ಮೀಟರ್. ಚೌಕವಾಗಿದ್ದರೆ ಒಂದು ಬದಿ 22 ಮೀಟರಿನಷ್ಟು. ನಕ್ಷೆಯಲ್ಲಿ ಅದು ಅರ್ಧ ಮಿಲಿಮೀಟರಿಗೂ ಕಡಿಮೆ. ಇಡೀ ಗುಡ್ಡ ಯಾವ ವಲಯದಲ್ಲಿದೆ ಎಂಬುದನ್ನು ನಕ್ಷೆ ಹೇಳೀತು. ನಿವೇಶನದ ಹಿಂದಿನ ಧರೆಯ ಗತಿಯನ್ನು ಕಾಲ್ನಡಿಗೆಯಲ್ಲೇ ತಿಳಿಯಬೇಕು.

ಆ ನಡಿಗೆ ನಿವೇಶನದ ಬೇಲಿಯೊಳಗೆ ಮುಗಿಯಬಾರದು. ವಯನಾಡಿನ ದುರಂತ ಕಲಿಸಿದ ಮೊದಲ ಪಾಠ ಇದು. ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಉಪಗ್ರಹ ಚಿತ್ರಗಳ ಪ್ರಕಾರ ಕುಸಿತ ಆರಂಭವಾದದ್ದು ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ. ಮಣ್ಣು, ಬಂಡೆ, ಮರಗಳನ್ನು ಹೊತ್ತ ಪ್ರವಾಹ ಸುಮಾರು 8 ಕಿಲೋಮೀಟರ್ ಹರಿಯಿತು. ಮಲಯಾಳಿಗಳು ಇದನ್ನು ಉರುಳ್‌ಪೊಟ್ಟಲ್ ಎನ್ನುತ್ತಾರೆ. ಅದಕ್ಕೆ ಸಿಕ್ಕಿದವರಲ್ಲಿ ಅನೇಕರು ವಾಸವಿದ್ದದ್ದು ಕಡಿದಾದ ಇಳಿಜಾರಿನಲ್ಲಲ್ಲ, ಹೊಳೆಯ ಪಕ್ಕದ ಸಮತಟ್ಟು ನೆಲದಲ್ಲಿ. ಮುಂಡಕ್ಕೈಯಲ್ಲಿ 1984ರಲ್ಲಿಯೂ ಗುಡ್ಡ ಕುಸಿದಿತ್ತು. ಅದೇ ಮೇಪ್ಪಾಡಿ ಪಂಚಾಯಿತಿಯ ಪುತ್ತುಮಲೆ 2019ರ ಆಗಸ್ಟಿನಲ್ಲಿ ಮಣ್ಣುಪಾಲಾಗಿತ್ತು. ಬೆಟ್ಟದ ಬುಡದಲ್ಲಿ, ಹಳ್ಳ ಬಯಲಿಗಿಳಿಯುವ ಬಾಯಲ್ಲಿ, ಬೀಸಣಿಗೆಯಂತೆ ಹರಡಿದ ಸಮತಟ್ಟು ಜಾಗ ಕಂಡರೆ ಹಿಗ್ಗುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಮಣ್ಣು ಇಲ್ಲಿಗೆ ಬಂದದ್ದು ಹೇಗೆ? ತೋಡಿದಾಗ ಮಣ್ಣಿನೊಳಗೆ ದೊಡ್ಡ ಬಂಡೆಗಳು ಅಡ್ಡಾದಿಡ್ಡಿಯಾಗಿ ಸಿಕ್ಕರೆ, ಅವು ಹಿಂದೊಮ್ಮೆ ಮೇಲಿನಿಂದ ಬಂದವು ಎಂದೇ ತಿಳಿಯಬೇಕು.

ಗುಡ್ಡ ಕುಸಿಯುವ ಬಗೆಯನ್ನು ಸರಳವಾಗಿ ಹೇಳಬಹುದು. ಪಶ್ಚಿಮಘಟ್ಟದಲ್ಲಿ ಶಿಲೆ ಬಹು ಆಳದವರೆಗೆ ಶಿಥಿಲಗೊಂಡು ಮಣ್ಣಾಗಿದೆ. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಹಲವೆಡೆ ಬಿಳಿ ಅಥವಾ ಹಳದಿ ಛಾಯೆಯ ಶೇಡಿ ಮಣ್ಣು, ಅದರಡಿ ಗಟ್ಟಿ ಬಂಡೆ. ಜಂಬಿಟ್ಟಿಗೆ ನೀರನ್ನು ಒಳಬಿಡುತ್ತದೆ, ಶೇಡಿ ಮಣ್ಣು ತಡೆಯುತ್ತದೆ. ದಿನಗಟ್ಟಲೆ ಸುರಿದ ಮಳೆಯಿಂದ ನೆಲ ತುಂಬಿದ ಮೇಲೆ ಮತ್ತೊಂದು ಬಿರುಮಳೆ ಬಂದರೆ, ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಹೆಚ್ಚಿ ಅವುಗಳ ಹಿಡಿತ ಸಡಿಲವಾಗುತ್ತದೆ. ಮರಗಳ ಬೇರು ಮೇಲಿನ ಒಂದೆರಡು ಮೀಟರ್ ಮಣ್ಣನ್ನು ಹೆಣೆದು ಹಿಡಿದಿರುತ್ತದೆ. ಮರ ಕಡಿದ ವರ್ಷವೇ ಆ ಹಿಡಿತ ಹೋಗುವುದಿಲ್ಲ. ಬೇರು ಕೊಳೆಯುತ್ತ ಹೋದಂತೆ, ಕೆಲವು ವರ್ಷಗಳ ಬಳಿಕ, ಇಳಿಜಾರು ದುರ್ಬಲವಾಗುತ್ತದೆ. ಆದ್ದರಿಂದ ಮೇಲಿನ ಗುಡ್ಡದಲ್ಲಿ ಮರ ಯಾವಾಗ ಕಡಿದರೆಂಬುದನ್ನೂ ವಿಚಾರಿಸಬೇಕು.

ಇದಕ್ಕೆ ಮನುಷ್ಯರು ಸೇರಿಸುವುದು ಜೆಸಿಬಿಯ ಕೆಲಸ. 2018ರ ಬಳಿಕ ಕೊಡಗಿಗೆ ಬಂದ ಭೂವಿಜ್ಞಾನಿಗಳು, ಮಳೆಯ ಜೊತೆಗೆ ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಲಂಬವಾಗಿ ಕಡಿದದ್ದನ್ನೂ ಕಾರಣವಾಗಿ ಎತ್ತಿ ತೋರಿಸಿದರು. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಮಟ್ಟ ಮಾಡಿದರೆ, ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಸಡಿಲ ಮಣ್ಣಿನ ಮೇಲೆ ನಿಲ್ಲುತ್ತದೆ. ಅಂಥ ಮನೆಯ ಗೋಡೆಯಲ್ಲಿ ಓರೆಯಾದ ಬಿರುಕು ಬೇಗ ಮೂಡುತ್ತದೆ. ತಡೆಗೋಡೆಯಿದ್ದರೆ ನೀರು ಹೊರಬರಲು ತೂತುಗಳಿವೆಯೇ ಎಂದು ನೋಡಬೇಕು. ತೂತಿಲ್ಲದ ಗೋಡೆ ಹಿಂದೆ ನೀರನ್ನು ಕಟ್ಟಿಕೊಂಡು ತಾನೇ ಉರುಳುತ್ತದೆ.

ಇಳಿಜಾರನ್ನು ಅಳೆಯಲು ದೊಡ್ಡ ಉಪಕರಣ ಬೇಡ. ಒಂದು ನೀರು ತುಂಬಿದ ಪಾರದರ್ಶಕ ಕೊಳವೆ, ಒಂದು ಅಳತೆ ಪಟ್ಟಿ ಸಾಕು. ಹತ್ತು ಅಡಿ ಅಡ್ಡ ದೂರಕ್ಕೆ ನಾಲ್ಕು ಅಡಿ ಇಳಿದರೆ ಅದು ಸುಮಾರು 22 ಡಿಗ್ರಿ. ಅಷ್ಟು ಕಡಿದಾದ, ಮಣ್ಣು ಆಳವಾಗಿರುವ ಜಾಗದಲ್ಲಿ ಭೂವಿಜ್ಞಾನಿಯ ಸಲಹೆಯಿಲ್ಲದೆ ಮುಂಗಡ ಕೊಡುವುದು ವಿವೇಕವಲ್ಲ. ಬುಡದಲ್ಲಿ ಬಾಗಿ ಮೇಲಕ್ಕೆ ನೆಟ್ಟಗಾದ ಮರಗಳು, ವಾಲಿದ ವಿದ್ಯುತ್ ಕಂಬಗಳು, ಇಳಿಜಾರಿಗೆ ಅಡ್ಡಲಾಗಿ ಓಡಿದ ಬಿರುಕುಗಳು, ಹಿಂದೆಂದೂ ಇಲ್ಲದ ಕಡೆ ಹೊಸದಾಗಿ ಹುಟ್ಟಿದ ಒರತೆ, ಇವೆಲ್ಲ ನೆಲ ಚಲಿಸುತ್ತಿರುವುದರ ಲಕ್ಷಣಗಳಾಗಿರಬಹುದು.

ಪರಿಸರಾಸಕ್ತರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬಯಲುಸೀಮೆಗೆ ವರದಾನವಾದ ಇಂಗುಗುಂಡಿ, ಕಾಲುವೆಗಳು ಆಳವಾದ ಮಣ್ಣಿನ, ಕಡಿದಾದ, ಅತಿ ಮಳೆಯ ಇಳಿಜಾರಿನಲ್ಲಿ ಅಪಾಯವನ್ನೇ ತರಬಲ್ಲವು. ಅಲ್ಲಿ ನೀರನ್ನು ನಿಲ್ಲಿಸುವುದಕ್ಕಿಂತ ಸಾವಕಾಶವಾಗಿ ಹೊರಗೆ ಸಾಗಿಸುವುದೇ ಜಾಣತನ. ಮನೆಯ ಮೇಲ್ಭಾಗದ ತೋಟದಲ್ಲಿ ದೊಡ್ಡ ಕೆರೆಯೋ ಇಂಗುಗುಂಡಿಗಳ ಸಾಲೋ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ನೆರೆಹೊರೆಯ ಪರಿಶೀಲನೆ ಎಂಬುದರ ಅರ್ಥ ಮಲೆನಾಡಿನಲ್ಲಿ ಇದೇ. ಮೇಲಿನವರು ಏನು ಮಾಡುತ್ತಿದ್ದಾರೆ, ಕೆಳಗಿನವರು ಏನು ಕಡಿಯುತ್ತಿದ್ದಾರೆ ಎಂಬುದನ್ನು ಅರಿಯಬೇಕು. ಪಕ್ಕದ ಗದ್ದೆಯನ್ನು ಶುಂಠಿಗೆ ಗೇಣಿ ಕೊಟ್ಟಿದ್ದರೆ ಅಲ್ಲಿ ಸುರಿಯುವ ವಿಷಗಳು ಬಾವಿಗೆ ಇಳಿಯಬಹುದು. ಗದ್ದೆಯನ್ನೇ ತುಂಬಿಸಿ ಮಾಡಿದ ನಿವೇಶನವಾದರೆ, ಮಳೆನೀರು ನಿಲ್ಲುತ್ತಿದ್ದ ಜಾಗದಲ್ಲೇ ಮನೆ ನಿಂತಂತೆ. ಸಮೀಪದಲ್ಲಿ ಕಲ್ಲುಕ್ವಾರಿಯಿದೆಯೇ, ಆನೆಗಳು ಆ ದಾರಿಯಲ್ಲಿ ತಿರುಗಾಡುತ್ತವೆಯೇ, ರಸ್ತೆ ಮುಚ್ಚಿದರೆ ರೋಗಿಯನ್ನು ಸಾಗಿಸಲು ಎರಡನೆಯ ದಾರಿ ಇದೆಯೇ ಎಂಬುದನ್ನು ಊರಿನ ಕೂಲಿಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು, ಲೈನ್‌ಮನ್‌ಗಳು ದಲ್ಲಾಳಿಗಿಂತ ಚೆನ್ನಾಗಿ ಬಲ್ಲರು.

ಕೊಳ್ಳುವವರು ಎರಡು ಬಾರಿಯಾದರೂ ಬರಬೇಕು. ಏಪ್ರಿಲ್ ಕೊನೆಯಲ್ಲಿ ಬಂದು ಬಾವಿಯನ್ನು ನೋಡಬೇಕು. ಜುಲೈನಲ್ಲಿ, ಮಳೆ ಸುರಿಯುತ್ತಿರುವಾಗ, ಹಗಲು ಹೊತ್ತಿನಲ್ಲಿ ಊರಿನವರ ಜೊತೆ ಬಂದು ಧರೆಯನ್ನೂ ಹಳ್ಳವನ್ನೂ ನೋಡಬೇಕು. ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ ಆ ವ್ಯವಹಾರವನ್ನೇ ಬಿಡುವುದು ಲೇಸು.

ಮಾರುವವರಿಗೂ ಹೊಣೆಯುಂಟು. ಜರಿದ ಧರೆಗೆ ಮಣ್ಣು ಮೆತ್ತಿ, ಹುಲ್ಲು ಹಾಸಿ ತೋರಿಸುವುದು ಇನ್ನೊಂದು ಸಂಸಾರದ ಪ್ರಾಣದೊಡನೆ ಆಡುವ ಆಟ. ಕೊಂಡವರೂ ಮನೆ ಕಟ್ಟುವಾಗ ತಮ್ಮ ನೀರನ್ನು ಕೆಳಗಿನವರ ಧರೆಗೆ ತಿರುಗಿಸಬಾರದು. 2011ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ ನೀಡಿದ ವರದಿಯಲ್ಲಿ, ನಿರ್ಧಾರಗಳು ಗ್ರಾಮಸಭೆಯಿಂದ ಮೇಲಕ್ಕೆ ಸಾಗಬೇಕೆಂಬ ಆಶಯವಿತ್ತು. ಆ ವರದಿಯ ಸುತ್ತ ವಾದವಿವಾದ ಏನೇ ಇರಲಿ, ಒಂದು ಕೆಲಸಕ್ಕೆ ಯಾವ ವರದಿಯೂ ಬೇಕಿಲ್ಲ. ಪ್ರತಿ ಗ್ರಾಮಸಭೆಯೂ ತನ್ನ ಊರಿನ ನಕಾಶೆಯ ಮೇಲೆ ಹಿರಿಯರ ನೆನಪಿನಿಂದ ಹಳೆಯ ಕುಸಿತಗಳನ್ನು, ಮುಚ್ಚಿದ ಹಳ್ಳಗಳನ್ನು, ಒರತೆಗಳನ್ನು ಗುರುತಿಸಿ ಪಂಚಾಯಿತಿ ಕಚೇರಿಯ ಗೋಡೆಗೆ ತೂಗುಹಾಕಲಿ. ನೆಲ ಕೊಳ್ಳಲು ಬಂದವರು ದಲ್ಲಾಳಿಯ ಕಾರು ಹತ್ತುವ ಮೊದಲು ಆ ಗೋಡೆಯ ಮುಂದೆ ನಿಲ್ಲಲಿ. ಈ ಮಳೆಗಾಲಕ್ಕೆ ಮುನ್ನ ಒಂದೊಂದು ಊರಿನಲ್ಲಿ ಇದು ನಡೆದರೂ ಈ ಸಭೆ ಸೇರಿದ್ದು ಸಾರ್ಥಕ.