ಹಂಸದ ಮರಿ ಮತ್ತು ನಮ್ಮೂರ ಕೆರೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಬಗ್ಗೆ ಎರಡು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಅದನ್ನು ಊಟದ ಹೊತ್ತಿಗೆ ಯಾರು ಕೇಳಿದರೂ ಹೇಳುತ್ತೇನೆ. ಈಗ ಹಂಸದ ಮರಿಗಳ ವಿಷಯ ಹೇಳಲು ಅಪ್ಪಣೆ ಕೊಡಿ.

ಹಂಸ ಅಂದರೆ ನಮಗೆ ಹಾಲು-ನೀರು ಬೇರೆ ಮಾಡುವ ಕಥೆ. ನಾನು ಕಣ್ಣಾರೆ ಕಂಡದ್ದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಕಂಪನಿ ಕೆಲಸದ ಮೇಲೆ ಹೋದಾಗ, ಥೇಮ್ಸ್ ನದಿಯ ದಡದಲ್ಲಿ. ಆ ಜಾತಿಗೆ ಮ್ಯೂಟ್ ಸ್ವಾನ್, ಅಂದರೆ ಮೂಕ ಹಂಸ ಎಂದು ಹೆಸರು. ಹೆಸರಿಗಷ್ಟೇ ಮೂಕ; ಗೂಡಿನ ಹತ್ತಿರ ಹೋದವರನ್ನು ಅದು ಬುಸುಗುಟ್ಟಿ ಓಡಿಸುವುದನ್ನು ನೋಡಬೇಕು!

ಏಪ್ರಿಲ್ ಸುಮಾರಿಗೆ ಹೆಣ್ಣು ಹಂಸ ಎರಡು ದಿನಕ್ಕೊಂದರಂತೆ ಐದರಿಂದ ಏಳು ಮೊಟ್ಟೆ ಇಡುತ್ತದೆ. ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವಿಗೆ ಕೂರುವುದಿಲ್ಲ. ಎಲ್ಲ ಇಟ್ಟಾದ ಮೇಲೆ ಕೂರುತ್ತದೆ. ಆದ್ದರಿಂದಲೇ ಹತ್ತು ದಿನ ಮೊದಲು ಇಟ್ಟದ್ದೂ ಕೊನೆಗೆ ಇಟ್ಟದ್ದೂ ಹೆಚ್ಚುಕಡಿಮೆ ಒಟ್ಟಿಗೇ ಒಡೆಯುತ್ತವೆ. ಕಾವು ಸುಮಾರು 36 ದಿನ. ಅಷ್ಟು ದಿನ ತಾಯಿ ಸರಿಯಾಗಿ ಮೇಯುವುದಿಲ್ಲ, ಸೊರಗುತ್ತದೆ. ಗಂಡು ಕಾವಲಿಗೆ ಸುತ್ತುತ್ತಿರುತ್ತದೆ.

ಮರಿ ಹೊರಬರುವುದು ಒಂದು ಗಳಿಗೆಯ ಕೆಲಸವಲ್ಲ. ಅದರ ಕೊಕ್ಕಿನ ತುದಿಯಲ್ಲಿ ಮೊಟ್ಟೆ ಒಡೆಯಲೆಂದೇ ಒಂದು ಪುಟ್ಟ ಗಟ್ಟಿ ಮೊನೆ ಇರುತ್ತದೆ. ಆಮೇಲೆ ಅದು ಉದುರಿಹೋಗುತ್ತದೆ. ಅದರಿಂದ ಚಿಪ್ಪಿಗೆ ತೂತು ಮಾಡಿ, ದಣಿದು ಸುಮ್ಮನಾಗಿ, ಮತ್ತೆ ಕುಟ್ಟುತ್ತದೆ. ಆ ಸುಮ್ಮನಿರುವ ಹೊತ್ತಿನಲ್ಲೂ ಒಳಗೆ ಕೆಲಸ ನಡೆದಿರುತ್ತದೆ. ಉಳಿದ ಹಳದಿ ಭಂಡಾರ ಮರಿಯ ಹೊಟ್ಟೆಯೊಳಗೆ ಸೇರಬೇಕು, ಚಿಪ್ಪಿನ ಒಳಪೊರೆಯ ರಕ್ತ ಹಿಂದಕ್ಕೆ ಬರಬೇಕು. ಪಾಪ ಎಂದು ನಾವು ಅವಸರದಲ್ಲಿ ಚಿಪ್ಪು ಸುಲಿದರೆ ರಕ್ತ ಸೋರಿ ಮರಿ ಸಾಯಬಹುದು. ಕೋಳಿ ಸಾಕಿದ ಮನೆಯವರಿಗೆ ಇದು ಗೊತ್ತಿರುವ ಮಾತೇ.

ಒಂದು ದಿನ ಗೂಡಿನಲ್ಲಿದ್ದು, ಬೂದುಬಣ್ಣದ ಮರಿಗಳು ತಾಯಿಯ ಹಿಂದೆ ನೀರಿಗಿಳಿಯುತ್ತವೆ. ಕಾಗೆ ಗುಬ್ಬಿಗಳಂತೆ ಬಾಯಿಗೆ ತುತ್ತಿಡುವ ಪದ್ಧತಿ ಇಲ್ಲಿಲ್ಲ. ತಂದೆತಾಯಿ ಉದ್ದ ಕತ್ತು ಮುಳುಗಿಸಿ ತಳದ ಪಾಚಿ, ಗಿಡ ಕಿತ್ತು ಮೇಲೆ ತೇಲಿಬಿಡುತ್ತವೆ. ಹೆಕ್ಕಿ ತಿನ್ನುವುದು ಮರಿಯ ಕೆಲಸ. ದಣಿದಾಗ, ಚಳಿಯಾದಾಗ ತಾಯಿಯ ಬೆನ್ನೇರಿ ರೆಕ್ಕೆಯೊಳಗೆ ಹುದುಗುತ್ತವೆ. ಆದರೂ ನರಿ, ಕಾಗೆ, ದೊಡ್ಡ ಮೀನುಗಳ ಬಾಯಿಗೆ ಎಷ್ಟೋ ಮರಿಗಳು ಹೋಗುತ್ತವೆ. ಉಳಿದವು ಹಾರುವುದಕ್ಕೆ ನಾಲ್ಕೈದು ತಿಂಗಳು ಬೇಕು.

ಮನುಷ್ಯನ ಕಾಟ ಬೇರೆ. ಹಂಸಗಳು ಆಹಾರ ಅರೆಯಲು ಸಣ್ಣ ಹರಳು ನುಂಗುತ್ತವೆ. ಗಾಳದವರು ಬಿಟ್ಟುಹೋದ ಸೀಸದ ಗುಂಡನ್ನೂ ಹರಳೆಂದು ನುಂಗಿ, ವಿಷವೇರಿ ಥೇಮ್ಸ್‌ನಲ್ಲಿ ಬಹಳ ಹಂಸಗಳು ಸತ್ತವು. 1987ರಲ್ಲಿ ಅಲ್ಲಿನ ಸರ್ಕಾರ ಅಂಥ ಸಣ್ಣ ಗುಂಡುಗಳನ್ನು ನಿಷೇಧಿಸಿತು. ಆಮೇಲೆ ಹಂಸಗಳು ಮತ್ತೆ ಹೆಚ್ಚಿದವು.

ಇನ್ನು ನಮ್ಮ ಕೆರೆಗೆ ಬರುತ್ತೇನೆ. ಇಲ್ಲಿ ಹಂಸವಿಲ್ಲ, ಆದರೆ ಗುಳುಮುಳುಕ ಇದೆ. ಮುಷ್ಟಿಯಷ್ಟು ಹಕ್ಕಿ, ನೋಡನೋಡುತ್ತಲೇ ಗುಳಕ್ಕನೆ ಮುಳುಗಿಬಿಡುತ್ತದೆ. ಅದೂ ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ, ಥೇಮ್ಸ್‌ವರೆಗೆ ಹೋಗಬೇಕಾಗಿಲ್ಲ. ಜೊಂಡಿನ ನಡುವೆ ತೇಲುವ ಗೂಡು ಕಟ್ಟಿ, ಎದ್ದು ಹೋಗುವಾಗ ಮೊಟ್ಟೆಗಳ ಮೇಲೆ ಹಸಿ ಪಾಚಿ ಮುಚ್ಚಿ ಹೋಗುವಷ್ಟು ಜಾಣ ಹಕ್ಕಿ.

ಸುವರ್ಣ ಮಹೋತ್ಸವದ ನೆನಪಿಗೆ ಕೆರೆಯ ಹೂಳೆತ್ತಿಸುವುದೆಂದು ಸಮಿತಿ ತೀರ್ಮಾನಿಸಿದೆ. ಒಳ್ಳೆಯ ಕೆಲಸ, ನನ್ನ ಪಾಲಿನ ಹಣವನ್ನೂ ಕೊಟ್ಟಿದ್ದೇನೆ. ಆದರೆ ಜೆಸಿಬಿ ಬಂದರೆ ಒಂದೇ ದಿನದಲ್ಲಿ ಎಲ್ಲ ನುಣ್ಣಗೆ ಕೆರೆದುಬಿಡುತ್ತದೆ. ಕೋಡಿಯ ಪಕ್ಕದ ಜೊಂಡನ್ನು ಮಾತ್ರ ಹಾಗೇ ಬಿಡಿ ಎಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಗೂಟ ನೆಡಲು ನಾಳೆ ಬೆಳಿಗ್ಗೆ ಏಳಕ್ಕೆ ಏರಿಯ ಮೇಲಿರುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳು ಬರುತ್ತೇವೆ ಎಂದಿದ್ದಾರೆ.