ಗುಡಿಯಿಂದ ಹೊರಟ ಗಾನ

ನಮ್ಮ ಊರುಗಳ ರಾಮಮಂದಿರದಲ್ಲಿ ಶನಿವಾರದ ಭಜನೆಗೆ ಸೇರುವವರನ್ನು ನೀವೆಲ್ಲ ನೋಡಿದ್ದೀರಿ. ಅಂಗಡಿಯ ಬಾಗಿಲು ಹಾಕಿಕೊಂಡು ಬಂದ ವ್ಯಾಪಾರಿ, ಕಚೇರಿಯ ಗುಮಾಸ್ತ, ಶಾಲೆಯ ಮೇಷ್ಟ್ರು, ಅಡಿಗೆಮನೆಯ ಕೆಲಸ ಮುಗಿಸಿ ಬಂದ ಗೃಹಿಣಿ, ಹೀಗೆ ನಾನಾ ಬಗೆಯ ಜನ. ಅವರಲ್ಲಿ ಸಂಗೀತವೇ ಜೀವನೋಪಾಯವಾಗಿರುವವರು ಒಬ್ಬರೂ ಇರಲಾರರು. ಆದರೂ ತಾಳ ಬಿದ್ದು, ಹಾರ್ಮೋನಿಯಂ ಶ್ರುತಿ ಹಿಡಿದ ಮೇಲೆ ಅವರ ದನಿಗಳೆಲ್ಲ ಕೂಡಿ ಒಂದೇ ದನಿಯಾಗುತ್ತವೆ. ಆ ಹಾಡು ಯಾರ ಮೆಚ್ಚಿಕೆಗೂ ಅಲ್ಲ, ಯಾವ ಸಂಭಾವನೆಗೂ ಅಲ್ಲ.

ಇಂಥದೇ ಒಂದು ಮಂಡಳಿ ಗುಡಿಯ ಹೊಸ್ತಿಲು ದಾಟಿ ಹೊರಟಿತೆಂದು ಭಾವಿಸೋಣ. ಊರೂರು ಸುತ್ತಿ ಕಚೇರಿ ಮಾಡಿತು. ಅದರ ಹಾಡುಗಳು ಗ್ರಾಮಫೋನ್ ತಟ್ಟೆಗಳಾಗಿ ಅಂಗಡಿಯಲ್ಲಿ ಮಾರಾಟವಾದುವು. ರೇಡಿಯೋದಲ್ಲಿ ವಾರವಾರವೂ ಕೇಳಿಬಂದುವು. ಆಗಲೂ ಆ ಹಾಡು ಪೂಜೆಯಾಗಿಯೇ ಉಳಿಯುತ್ತದೆಯೆ? ಅಥವಾ ಬರಿಯ ಮನರಂಜನೆಯಾಗುತ್ತದೆಯೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಮೆರಿಕದ ಪಶ್ಚಿಮ ಭಾಗದ ಯೂಟಾ ಸಂಸ್ಥಾನದಲ್ಲಿ ನೂರೆಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿರುವ ಒಂದು ಗಾಯನಮೇಳದ ಕಥೆಯನ್ನು ಹೇಳುತ್ತೇನೆ. ಅದು ಸಾಲ್ಟ್ ಲೇಕ್ ಸಿಟಿಯ ಟ್ಯಾಬರ್ನಕಲ್ ಗಾಯನಮೇಳ.

ಮಾರ್ಮನ್ನರೆಂದು ಜನರು ಕರೆಯುತ್ತಿದ್ದ ಒಂದು ಕ್ರೈಸ್ತ ಪಂಥದವರು ಕಟ್ಟಿದ ಮೇಳ ಇದು. ಈ ಪಂಥದವರು ಮೊದಲಲ್ಲಿ ಬಹಳ ಕಷ್ಟ ಕಂಡವರು. ಅವರ ಸ್ಥಾಪಕ ಜೋಸೆಫ್ ಸ್ಮಿತ್ 1844ರಲ್ಲಿ ಸೆರೆಮನೆಯಲ್ಲಿದ್ದಾಗಲೇ ಉದ್ರಿಕ್ತ ಗುಂಪೊಂದು ಅವನನ್ನು ಕೊಂದಿತು. ಮಿಸೌರಿಯಿಂದ ಓಡಿಸಲ್ಪಟ್ಟು, ಇಲಿನಾಯ್ ಸಂಸ್ಥಾನದಲ್ಲಿಯೂ ನೆಲೆ ಸಿಗದೆ, ಅವರು ಎತ್ತಿನ ಬಂಡಿಗಳನ್ನು ಹೂಡಿಕೊಂಡು ಪಡುವಣಕ್ಕೆ ಹೊರಟರು. 1847ರ ಜುಲೈ 24ರಂದು ಉಪ್ಪುಸರೋವರದ ಕಣಿವೆಯನ್ನು ತಲುಪಿದರು. ಅಲ್ಲಿ ಊರಿಲ್ಲ, ಮನೆಯಿಲ್ಲ. ಹೀಗಿದ್ದೂ ಆಗಸ್ಟ್ 22ರಂದು, ಅಂದರೆ ಬಂದು ಒಂದು ತಿಂಗಳು ತುಂಬುವ ಮೊದಲೇ, ಅವರ ಸಭೆಯಲ್ಲಿ ಪುಟ್ಟದೊಂದು ಮೇಳ ಹಾಡಿತು. ಮನೆ ಕಟ್ಟುವ ಮೊದಲು ಮೇಳ ಕಟ್ಟಿದರು ಎಂದರೆ ತಪ್ಪಾಗಲಾರದು. ಅನಂತರ ವೇಲ್ಸ್ ದೇಶದಿಂದ ವಲಸೆ ಬಂದವರು ಇವರೊಡನೆ ಸೇರಿದರು. ವೇಲ್ಸಿನವರೆಂದರೆ ಕೂಡಿ ಹಾಡುವುದರಲ್ಲಿ ಎತ್ತಿದ ಕೈ. ಅವರಲ್ಲೊಬ್ಬನಾದ ಜಾನ್ ಪ್ಯಾರಿ ಎಂಬಾತ 1849ರಲ್ಲಿ ಮೇಳದ ನಾಯಕನಾದ.

ಟ್ಯಾಬರ್ನಕಲ್ ಎಂಬುದು ಅವರ ಸಭಾಮಂದಿರದ ಹೆಸರು. 1867ರಲ್ಲಿ ಬಳಕೆಗೆ ಬಂದ ಈ ಕಟ್ಟಡ ಬೋರಲು ಹಾಕಿದ ದೋಣಿಯಂತೆ ಕಾಣುತ್ತದೆ. ಸುಮಾರು 250 ಅಡಿ ಉದ್ದ, 150 ಅಡಿ ಅಗಲ, 80 ಅಡಿ ಎತ್ತರ. ಒಳಗೆ ಚಾವಣಿಗೆ ಆಸರೆಯಾಗಿ ನಡುವೆ ಒಂದು ಕಂಬವೂ ಇಲ್ಲ. ಕಬ್ಬಿಣ ದುರ್ಲಭವಾಗಿದ್ದ ಕಾಲ. ಸೇತುವೆ ಕಟ್ಟುವುದರಲ್ಲಿ ಪಳಗಿದ ಹೆನ್ರಿ ಗ್ರೋ ಎಂಬವನು ತೊಲೆಗಳನ್ನು ಮರದ ಬೆಣೆಗಳಿಂದ ಜೋಡಿಸಿದ. ಸೀಳಿದ ತೊಲೆಗಳಿಗೆ ಹಸಿ ತೊಗಲನ್ನು ಸುತ್ತಿದರು; ಅದು ಒಣಗಿದಂತೆಲ್ಲ ಬಿಗಿಯಾಗಿ ಹಿಡಿದುಕೊಂಡಿತು. ಇಂಥ ಕಟ್ಟಡಕ್ಕೆ ದೊರೆತ ಗುಣವೆಂದರೆ ನಾದದ ಸ್ಪಷ್ಟತೆ. ವೇದಿಕೆಯ ಬಳಿ ಒಂದು ಗುಂಡುಸೂಜಿಯನ್ನು ಬೀಳಿಸಿ, ಆ ಸಪ್ಪಳ ಹಿಂದಿನ ತುದಿಯವರೆಗೂ ಕೇಳುವುದನ್ನು ಪ್ರವಾಸಿಗಳಿಗೆ ತೋರಿಸುವುದು ಅಲ್ಲಿಯ ವಾಡಿಕೆ. ವೇದಿಕೆಯ ಹಿಂದೆ ದೊಡ್ಡ ಆರ್ಗನ್ ವಾದ್ಯವಿದೆ. ಮೊದಲ ಆರ್ಗನ್ನಿಗೆ ಬೇಕಾದ ಮರವನ್ನು ನೂರಾರು ಮೈಲಿ ದೂರದಿಂದ ಎತ್ತಿನ ಬಂಡಿಗಳಲ್ಲಿ ತಂದಿದ್ದರು. ಇಂದಿನ ವಾದ್ಯ 1948ರಲ್ಲಿ ಸಿದ್ಧವಾದದ್ದು. ಅದರ ಕೊಳವೆಗಳ ಸಂಖ್ಯೆ 11,623.

ಇಲ್ಲಿ ಅವರ ಗಾಯನದ ರೀತಿಯನ್ನು ಕುರಿತು ಒಂದೆರಡು ಮಾತು ಹೇಳಬೇಕು. ನಮ್ಮ ಭಜನೆಯಲ್ಲಿ ನೂರು ಜನ ಹಾಡಿದರೂ ಹಾಡುವ ಮಟ್ಟು ಒಂದೇ. ಅವರಲ್ಲಿ ಹಾಗಲ್ಲ. ಹೆಂಗಸರ ಎತ್ತರದ ದನಿ, ತಗ್ಗಿನ ದನಿ, ಗಂಡಸರ ಎತ್ತರದ ದನಿ, ತಗ್ಗಿನ ದನಿ ಎಂದು ನಾಲ್ಕು ಪಂಗಡ. ಒಂದೊಂದು ಪಂಗಡಕ್ಕೂ ಒಂದೊಂದು ಸ್ವರಪಂಕ್ತಿ. ನಾಲ್ಕೂ ಏಕಕಾಲದಲ್ಲಿ ನಡೆದು, ಒಂದನ್ನೊಂದು ತಬ್ಬಿ, ಬಿಟ್ಟು, ಮತ್ತೆ ಕೂಡುತ್ತವೆ. ಇದು ನಮಗೆ ತೀರ ಅಪರಿಚಿತವೇನೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಪರಂಪರೆಯ ದೇವಾಲಯಗಳಲ್ಲಿ ಕನ್ನಡದ ಕೀರ್ತನೆಗಳನ್ನು ಈ ಕ್ರಮದಲ್ಲಿ ಹಾಡುವುದುಂಟು. ಈ ಪದ್ಧತಿಯಲ್ಲಿ ಒಬ್ಬನ ಕಂಠ ಎಷ್ಟೇ ಸೊಗಸಾಗಿದ್ದರೂ ಅದು ಎದ್ದು ಕಾಣಬಾರದು. ತನ್ನ ದನಿಯನ್ನು ಪಕ್ಕದವನ ದನಿಯಲ್ಲಿ ಕರಗಿಸುವುದೇ ಅಲ್ಲಿಯ ಸಾಧನೆ.

ಈ ಮೇಳ ಹೊರಪ್ರಪಂಚಕ್ಕೆ ಕಾಲಿಟ್ಟ ಸಂದರ್ಭ ಗಮನಿಸತಕ್ಕದ್ದು. ಬಹುಪತ್ನೀತ್ವದ ಪದ್ಧತಿಯಿಂದಾಗಿ ಅಮೆರಿಕದ ಉಳಿದ ಜನರಿಗೆ ಈ ಪಂಥದ ಮೇಲೆ ಬಹಳ ಅಸಮಾಧಾನವಿತ್ತು. 1890ರಲ್ಲಿ ಪಂಥದ ಹಿರಿಯರು ಆ ಪದ್ಧತಿಯನ್ನು ಕೈಬಿಡುವುದಾಗಿ ಪ್ರಕಟಿಸಿದರು. ಮೂರು ವರ್ಷಗಳ ತರುವಾಯ, 1893ರಲ್ಲಿ, ಷಿಕಾಗೋ ನಗರದಲ್ಲಿ ಜಾಗತಿಕ ಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಆ ಪ್ರದರ್ಶನದ ಸಂದರ್ಭದಲ್ಲಿಯೇ ಎಂಬುದು ನಮಗೆಲ್ಲ ತಿಳಿದ ವಿಷಯ. ಅದೇ ಪ್ರದರ್ಶನದಲ್ಲಿ ವೇಲ್ಸಿನವರು ಏರ್ಪಡಿಸಿದ್ದ ಗಾಯನಸ್ಪರ್ಧೆಗೆ ಇವಾನ್ ಸ್ಟೀಫನ್ಸನ ನಾಯಕತ್ವದಲ್ಲಿ ಈ ಮೇಳ ಹೋಯಿತು. ಎರಡನೆಯ ಬಹುಮಾನವಾಗಿ 1,000 ಡಾಲರ್ ಗಳಿಸಿತು. ಹಣ ದೊಡ್ಡದಲ್ಲ. ವಾದದಿಂದ ತೆರೆಯದ ಕಿವಿಗಳು ಹಾಡಿಗೆ ತೆರೆದುವು, ಅದು ದೊಡ್ಡದು. 1911ರ ಪ್ರವಾಸದಲ್ಲಿ ಅಮೆರಿಕದ ಅಧ್ಯಕ್ಷ ಟಾಫ್ಟರ ಮುಂದೆ ಶ್ವೇತಭವನದಲ್ಲಿಯೇ ಹಾಡಿದರು.

ಇನ್ನು ಧ್ವನಿಮುದ್ರಣದ ವಿಷಯ. 1910ರಲ್ಲಿ ಕೊಲಂಬಿಯ ಕಂಪೆನಿಯವರು ಯಂತ್ರಗಳನ್ನು ಹೊತ್ತು ಸಾಲ್ಟ್ ಲೇಕ್ ಸಿಟಿಗೆ ಬಂದರು. ಆಗ ಮೈಕ್ರೋಫೋನು ಬಳಕೆಯಲ್ಲಿರಲಿಲ್ಲ. ಎರಡು ದೊಡ್ಡ ಕಹಳೆಗಳನ್ನು ಮೇಳದ ಮುಂದೆ ತೂಗಹಾಕಿ, ನೂರಾರು ಜನರ ದನಿಯನ್ನು ಅವುಗಳ ಬಾಯೊಳಗೆ ಹಿಡಿಯಬೇಕಾಗಿತ್ತು. ದೊಡ್ಡ ಹೊಳೆಯನ್ನು ಕೊಳಗದಲ್ಲಿ ತುಂಬಿದ ಹಾಗೆ! ಆದರೂ ತಟ್ಟೆಗಳು ಹೊರಬಂದುವು.

ರೇಡಿಯೋ ಕೇಳುವ ನಮಗೆ ಇದಕ್ಕಿಂತ ಸ್ವಾರಸ್ಯವಾದದ್ದು 1929ರ ಜುಲೈ 15ರ ಘಟನೆ. ಅಂದು ಮೇಳದ ಮೊದಲ ಪ್ರಸಾರ. ನಿಲಯದವರ ಬಳಿ ಇದ್ದದ್ದು ಒಂದೇ ಒಂದು ಮೈಕ್ರೋಫೋನು. ಅದನ್ನು ಮೇಳಕ್ಕೆ ಹೊಂದುವಂತೆ ಚಾವಣಿಯಿಂದ ಇಳಿಬಿಟ್ಟರು. ಹಾಡುಗಳ ಹೆಸರನ್ನು ಸಾರುವವನು ಏನು ಮಾಡಬೇಕು? ಆರ್ಗನ್ ವಾದಕರ ಮಗ, ಹತ್ತೊಂಬತ್ತು ವರ್ಷದ ಟೆಡ್ ಕಿಂಬಲ್, ಎತ್ತರದ ಏಣಿಯೊಂದನ್ನು ಹತ್ತಿ, ಮೈಕ್ರೋಫೋನಿನ ಸಮಕ್ಕೆ ಬಾಯಿಟ್ಟು ಮಾತನಾಡಿದ. ಮಾತು ಮುಗಿದ ಮೇಲೆ ಇಳಿಯುವಂತಿಲ್ಲ. ಏಣಿ ಕಿರುಗುಟ್ಟಿದರೆ ದೇಶಕ್ಕೆಲ್ಲ ಕೇಳಿಸೀತು! ಕಾರ್ಯಕ್ರಮ ಮುಗಿಯುವವರೆಗೂ ಆ ಹುಡುಗ ಅಲ್ಲಿಯೇ ನಿಂತಿದ್ದ. ಅಂದು ಆರಂಭವಾದ ಅರ್ಧ ಗಂಟೆಯ ಕಾರ್ಯಕ್ರಮ ವಾರವಾರವೂ ಮುಂದುವರಿಯಿತು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ್ದು 1935ರಲ್ಲಿ. ಅದಕ್ಕೂ ಆರು ವರ್ಷ ಹಿಂದಿನ ಮಾತಿದು. 1930ರಿಂದ ರಿಚರ್ಡ್ ಇವಾನ್ಸ್ ಎಂಬವರು ಹಾಡುಗಳ ನಡುವೆ ಕಿರುಚಿಂತನೆಯೊಂದನ್ನು ಹೇಳತೊಡಗಿದರು. 1971ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಅವರದಾಗಿತ್ತು. ಅದರಲ್ಲಿ ತಮ್ಮ ಪಂಥದ ಸಿದ್ಧಾಂತವನ್ನು ಸಾರದೆ, ಯಾವ ಮನೆಯಲ್ಲಾದರೂ ಸಲ್ಲುವ ಸಂಯಮ, ಕರುಣೆ, ಧೈರ್ಯಗಳ ಮಾತನ್ನೇ ಆಡಿದ್ದು ಅವರ ವಿವೇಕ.

ದೇಶಾಂತರದ ಪ್ರವಾಸಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು 1955ರದು. ಮೇಳದವರು ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಸ್ಕಾಟ್ಲೆಂಡಿನಲ್ಲಿ ಇಳಿದು, ಲಂಡನ್, ಆಂಸ್ಟರ್‌ಡಾಂ, ಕೋಪನ್‌ಹೇಗನ್, ಬರ್ಲಿನ್, ಜ್ಯೂರಿಕ್, ಪ್ಯಾರಿಸ್ ಮೊದಲಾದ ಕಡೆ ಹಾಡಿದರು. ಯುದ್ಧ ಮುಗಿದು ಹತ್ತೇ ವರ್ಷವಾಗಿದ್ದ ಯೂರೋಪು ಅದು. ಎರಡನೆಯದು 1991ರ ಜೂನ್ ತಿಂಗಳಿನದು. ಬುಡಾಪೆಸ್ಟ್, ಪ್ರಾಗ್, ವಾರ್ಸಾಗಳನ್ನು ಹಾದು ಮೇಳ ಮಾಸ್ಕೋ ತಲುಪಿತು. ಏಳು ದಶಕಗಳ ಕಾಲ ದೇವರ ಹೆಸರಿಗೆ ಸರ್ಕಾರದ ಮಾನ್ಯತೆ ಇಲ್ಲದಿದ್ದ ನಾಡಿನಲ್ಲಿ, ಹೆಸರುವಾಸಿಯಾದ ಬೊಲ್ಷಾಯ್ ರಂಗಮಂದಿರದಲ್ಲಿ, ಭಕ್ತಿಗೀತೆಗಳ ಕಚೇರಿ ನಡೆಯಿತು. ಆ ರಾತ್ರಿಯ ಔತಣಕೂಟದಲ್ಲಿ ರಷ್ಯ ಗಣರಾಜ್ಯದ ಉಪಾಧ್ಯಕ್ಷ ರುತ್ಸ್ಕೊಯ್ ಎದ್ದುನಿಂತು, ಈ ಪಂಥಕ್ಕೆ ರಷ್ಯದಲ್ಲಿ ಅಧಿಕೃತ ಮನ್ನಣೆ ದೊರೆತಿದೆಯೆಂದು ಸಾರಿದರು. ಆ ವರ್ಷ ಮುಗಿಯುವುದರೊಳಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು.

"ಹಾಗಾದರೆ ಇದು ಮತಪ್ರಚಾರವಲ್ಲವೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮೇಳದಿಂದ ಪಂಥಕ್ಕೆ ಒಳ್ಳೆಯ ಹೆಸರು ಬಂತು, ಬಾಗಿಲುಗಳು ತೆರೆದುವು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಾಡಿನ ಸ್ವಭಾವ ಬೇರೆ. ಅದನ್ನು ಕೇಳಿದವನು ಮತವನ್ನು ಒಪ್ಪಬೇಕಾಗಿಲ್ಲ. ಒಂದು ಗಳಿಗೆ ಸುಮ್ಮನೆ ಕೂತರೆ ಸಾಕು.

ಮಾರಾಟದ ಪ್ರಶ್ನೆಯೂ ಹೀಗೆಯೇ. ಯೂಜೀನ್ ಆರ್ಮಾಂಡಿ ನಡೆಸುತ್ತಿದ್ದ ಫಿಲಡೆಲ್ಫಿಯ ವಾದ್ಯವೃಂದದೊಡನೆ ಈ ಮೇಳ ಕೂಡಿ ಹಾಡಿದ, ಅಮೆರಿಕದ ಅಂತರ್ಯುದ್ಧ ಕಾಲದ ಒಂದು ಸಮರಗೀತೆ 1959ರಲ್ಲಿ ಕುಣಿತದ ಹಾಡುಗಳ ನಡುವೆ ಜನಪ್ರಿಯತೆಯ ಪಟ್ಟಿ ಏರಿತು. ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಅದೇ ಸುಮಾರಿನಲ್ಲಿ ಹ್ಯಾಂಡೆಲ್ ರಚಿಸಿದ 'ಮೆಸಾಯ' ಎಂಬ ಮಹಾಕೃತಿಯನ್ನು ಇವರೇ ಕೂಡಿ ಮುದ್ರಿಸಿದರು. ಈ 'ಮೆಸಾಯ'ದ ಚರಿತ್ರೆಯಲ್ಲಿಯೇ ನಮ್ಮ ಪ್ರಶ್ನೆಗೆ ಒಂದು ಉತ್ತರವಿದೆ. ಅದರ ಮೊದಲ ಪ್ರಯೋಗ 1742ರಲ್ಲಿ ಡಬ್ಲಿನ್ ನಗರದ ಸಂಗೀತಶಾಲೆಯೊಂದರಲ್ಲಿ ಆಯಿತು. ಮಾರನೆಯ ವರ್ಷ ಲಂಡನ್ನಿನಲ್ಲಿ, ಪವಿತ್ರವಾದ ಮಾತುಗಳನ್ನು ನಾಟಕಶಾಲೆಯಲ್ಲಿ ಹಾಡುವುದು ಸರಿಯೆ ಎಂದು ಆಕ್ಷೇಪಿಸಿದವರಿದ್ದರು. ಆದರೆ ಡಬ್ಲಿನ್ನಿನ ಆ ಮೊದಲ ಕಚೇರಿಯ ಹಣ ಹೋದದ್ದು ಆಸ್ಪತ್ರೆಗಳಿಗೆ, ಸಾಲ ತೀರಿಸಲಾರದೆ ಸೆರೆಯಲ್ಲಿದ್ದವರ ಬಿಡುಗಡೆಗೆ. ಜಾಗ ಯಾವುದು ಎನ್ನುವುದಕ್ಕಿಂತ ಹಾಡಿದವರ ಭಾವ ಏನು, ಅದರ ಫಲ ಯಾರಿಗೆ ಎನ್ನುವುದೇ ಮುಖ್ಯವಲ್ಲವೆ? ತಂಬೂರಿ ಹಿಡಿದು ಬೀದಿಬೀದಿ ಅಲೆದ ನಮ್ಮ ಹರಿದಾಸರು ಇದನ್ನು ಎಂದೋ ತೋರಿಸಿಕೊಟ್ಟಿದ್ದಾರೆ.

ಬಹುಕಾಲ ಈ ಮೇಳಕ್ಕೆ ಸ್ವಂತ ವಾದ್ಯವೃಂದವಿರಲಿಲ್ಲ. ಆರ್ಗನ್ ಒಂದೇ ಆಸರೆ. ದೊಡ್ಡ ಕೃತಿಗಳಿಗೆ ಹೊರಗಿನವರನ್ನು ಕರೆಯಬೇಕಾಗಿತ್ತು. 1999ರಲ್ಲಿ ಸ್ವಂತದ ವಾದ್ಯವೃಂದ ಸ್ಥಾಪನೆಯಾಯಿತು. ಹಾಡುವವರು ಸುಮಾರು 360 ಜನ. ಅವರಿಗಾಗಲಿ ವಾದ್ಯದವರಿಗಾಗಲಿ ಒಂದು ಕಾಸಿನ ಸಂಬಳವೂ ಇಲ್ಲ. ಉಪಾಧ್ಯಾಯರು, ವೈದ್ಯರು, ವಕೀಲರು, ಮಕ್ಕಳೊಂದಿಗರಾದ ತಾಯಂದಿರು, ಎಲ್ಲರೂ ಕಠಿಣ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಹಲವು ತಿಂಗಳ ಶಿಕ್ಷಣ ಪಡೆದು ಸೇರುತ್ತಾರೆ. ವಾರದ ಸಂಜೆ ಅಭ್ಯಾಸ. ಭಾನುವಾರ ಬೆಳಗಿನ ಜಾವಕ್ಕೇ ಎದ್ದು ಪ್ರಸಾರಕ್ಕೆ ಹಾಜರು. ಇಪ್ಪತ್ತು ವರ್ಷ ತುಂಬಿದರೆ, ಇಲ್ಲವೆ ಅರವತ್ತು ವಯಸ್ಸಾದರೆ, ಎದ್ದು ಮತ್ತೊಬ್ಬರಿಗೆ ಜಾಗ ಬಿಡಬೇಕು. ಹಾಡಲು ಬರುವವನಿಗೆ ಹಾಡು ನಿಲ್ಲಿಸುವುದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು. ಆದರೆ ಮೇಳದ ಪ್ರಾಯವನ್ನು ಕಾಪಾಡಿರುವುದು ಈ ನಿಯಮವೇ. 2018ರಲ್ಲಿ ಮೇಳದ ಹೆಸರಿನಿಂದ 'ಮಾರ್ಮನ್' ಎಂಬ ಶಬ್ದವನ್ನು ಕೈಬಿಟ್ಟರು. 2023ರಿಂದೀಚೆಗೆ ಮೆಕ್ಸಿಕೋ, ಫಿಲಿಪೀನ್ಸ್, ಪೆರು ದೇಶಗಳಿಗೆ ಪ್ರವಾಸ ಹೋಗಿಬಂದರು.

ಈ ನಡುವೆ ಒಂದು ಸಂಕಟವೂ ಬಂತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಪಿಡುಗಿನಿಂದಾಗಿ ಮೇಳ ಸೇರುವುದೇ ನಿಂತುಹೋಯಿತು. ಭುಜಕ್ಕೆ ಭುಜ ತಾಗಿಸಿ ನಿಂತು ಹಾಡುವುದೇ ಪ್ರಾಣವಾಗಿದ್ದವರು ಒಂದೂವರೆ ವರ್ಷ ತಮ್ಮ ತಮ್ಮ ಮನೆಗಳಲ್ಲಿ ಉಳಿದರು. ಆದರೆ ಭಾನುವಾರದ ಪ್ರಸಾರ ಮಾತ್ರ ನಿಲ್ಲಲಿಲ್ಲ. ಹಿಂದಿನ ವರ್ಷಗಳ ಮುದ್ರಣಗಳು ಆ ಮೌನವನ್ನು ತುಂಬಿಕೊಟ್ಟುವು. ಧ್ವನಿಮುದ್ರಣವೆಂದರೆ ಬರಿಯ ವ್ಯಾಪಾರವೆಂದು ಭಾವಿಸಿದ್ದವರು ಅದರ ಬೆಲೆಯನ್ನು ಆಗ ಕಂಡಿರಬೇಕು. ಸುಗ್ಗಿಯಲ್ಲಿ ಕಣಜಕ್ಕೆ ಸುರಿದ ಕಾಳು ಬರಗಾಲದಲ್ಲಿ ಮನೆಮಂದಿಗೆ ಅನ್ನವಾಗುವಂತೆ ಆ ಹಳೆಯ ಹಾಡುಗಳು ಒದಗಿದುವು. 2021ರ ಶರತ್ಕಾಲದಲ್ಲಿ ಮೇಳ ಮತ್ತೆ ಕೂಡಿತು. 2025ರ ಜುಲೈ 13ರಂದು ಅವರ ಐದು ಸಾವಿರದ ಪ್ರಸಾರ ನಡೆಯಿತು. ಏಣಿಯ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದ ಆ ಹುಡುಗನಿಂದ ಅಂದಿಗೆ ತೊಂಬತ್ತಾರು ವರ್ಷ.

ನಮ್ಮ ಭಜನಾಮಂಡಳಿಗಳಿಗೆ 11,623 ಕೊಳವೆಗಳ ವಾದ್ಯ ಬೇಡ. ಆದರೆ ಹೇಳಿದ ಹೊತ್ತಿಗೆ ಬರುವುದು, ಪಕ್ಕದವನ ದನಿಗೆ ಕಿವಿಗೊಡುವುದು, ಎಳೆಯರಿಗೆ ಜಾಗ ಬಿಡುವುದು, ಹಾಡಿದ್ದನ್ನು ಮುಂದಿನವರಿಗಾಗಿ ಕಾಪಿಡುವುದು, ಇವಕ್ಕೆ ಹಣ ಬೇಕಾಗಿಲ್ಲ. ಮುಂದಿನ ಶನಿವಾರ ರಾಮಮಂದಿರದ ಕಡೆಯಿಂದ ತಾಳದ ದನಿ ಕೇಳಿಬಂದಾಗ, ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಜಮಖಾನದ ಒಂದು ಮೂಲೆಯಲ್ಲಿ ಕುಳಿತು, ಸಣ್ಣ ದನಿಯಲ್ಲಾದರೂ ಸೇರಿ ಹಾಡಿ. ಕೇಳುವುದು ಒಳ್ಳೆಯದು, ಕೂಡಿ ಹಾಡುವುದು ಇನ್ನೂ ಒಳ್ಳೆಯದು.